ಒಂಬತ್ತು ಮನೆಯ ಕುಂಚಿಗೆ

ಹೇಳಿಕೆ ಕೊಡುವವರ ಹೆಸರು: ಮುದಕವ್ವ ಕೋಂ ಈಶಪ್ಪ ಹಾದಿಮನಿ. ವಯಸ್ಸು: ಅಂದಾಜು 51. ಜಾತಿ: ಲಿಂಗಾಯತ. ಉದ್ಯೋಗ: ಹೊಲಮನೆಯ ಕೆಲಸ, ಉಳಿದ ವೇಳೆಯಲ್ಲಿ ಚಿಂದಿ ಬಟ್ಟೆಯಿಂದ ಸಂಚಿ, ಕುಂಚಿಗೆ, ಕೌದಿ ಹೊಲಿಯುವುದು. ವಾಸ: ಸಾಂಬ್ರಾಣಿ, ತಾಲೂಕು ಹಳಿಯಾಳ, ಜಿಲ್ಲೆ ಉತ್ತರ ಕನ್ನಡ.

ಇಂದು ಶುಕ್ರವಾರ, ತಾರೀಖು 20-11-1964, ಬೆಳಿಗ್ಗೆ ಹತ್ತೂವರೆಗೆ ಸಾಂಬ್ರಾಣಿಯ ಚಾವಡಿಯಲ್ಲಿ ಹವಾಲ್ದಾರ ಯಲ್ಲಪ್ಪನವರು ನನ್ನನ್ನು ಕರೆಸಿ ವಿಚಾರಿಸಿದ್ದಕ್ಕೆ, ಯಾರ ಒತ್ತಾಯವೂ ಇಲ್ಲದೆ, ಆದರೆ ಸಾಕಷ್ಟು ಸಿಟ್ಟಿನಿಂದ, ನಾನು ಹೇಳಿ ಬರೆಸುವುದೇನೆಂದರೆ:

ಹಳಿಯಾಳ ಪೇಟೆಯ ಜವಳಿ ವ್ಯಾಪಾರಿ ಚನಬಸಪ್ಪ ಎಂಬವರು ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದ ಒಂಬತ್ತು ಬಟ್ಟೆ ತುಂಡುಗಳನ್ನು ನಾನು ಕದ್ದಿದ್ದೇನೆಂದು ನಿನ್ನೆ ಫಿರ್ಯಾದು ಕೊಟ್ಟಿದ್ದಾರೆಂದು ಹವಾಲ್ದಾರರು ಓದಿ ಹೇಳಿದರು. ಚನಬಸಪ್ಪನವರು ನನಗೆ ಹೊರಗಿನವರಲ್ಲ, ಬೀಗರು. ನನ್ನ ಒಬ್ಬಳೇ ಮಗಳು ಮಹಾದೇವಕ್ಕನನ್ನು ಐದು ವರ್ಷದ ಹಿಂದೆ ಅವರ ಮಗನಿಗೆ ಕೊಟ್ಟಿದ್ದೇವೆ. ನಾನು ಕದ್ದಿಲ್ಲ. ಆ ತುಂಡುಗಳು ಅವರವಲ್ಲ. ಅವು ತುಂಡುಗಳಾಗಿಯೂ ಇರಲಿಲ್ಲ, ಒಂದು ಕುಂಚಿಗೆಯಾಗಿದ್ದವು. ಬಿಚ್ಚಿಸಿ ತುಂಡು ಮಾಡಿದವರು ಅವರೇ. ಇಷ್ಟು ಮಾತು ಮೊದಲು ಬರೆದುಕೊಳ್ಳಿ ಎಂದು ಹೇಳಿದ್ದರಿಂದ ಮೊದಲು ಬರೆಯಲಾಗಿದೆ.

ಕುಂಚಿಗೆ ಎಂದರೇನೆಂದು ಹವಾಲ್ದಾರರು ಕೇಳಿದರು. ಅವರಿಗೆ ಗೊತ್ತಿದೆ, ಆದರೂ ಕಾಗದಕ್ಕೆ ಬೇಕಂತೆ. ಕುಂಚಿಗೆ ಎಂದರೆ ಕೂಸಿನ ತಲೆ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುವ, ಗದ್ದದ ಕೆಳಗೆ ಕಸೆ ಕಟ್ಟುವ ಟೊಪ್ಪಿಗೆ. ಇದನ್ನು ನಾನು ಮೂವತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಹಳಿಯಾಳದ ದರ್ಜಿ ಮಲಕಪ್ಪ ಅಂಗಿ, ಕುಬಸ ಕತ್ತರಿಸಿದ ಮೇಲೆ ಮಷೀನಿನ ಕೆಳಗೆ ಬೀಳುವ ಚೂರುಗಳನ್ನು ಒಂದು ಚೀಲದಲ್ಲಿ ತುಂಬಿ ಇಡುತ್ತಾನೆ. ನಾನು ಹದಿನೈದು ದಿನಕ್ಕೊಮ್ಮೆ ಹೋಗಿ ತರುತ್ತೇನೆ. ಅವುಗಳಿಂದ ಎಲೆ ಅಡಿಕೆಯ ನಾಲ್ಕು ಖಾನೆಯ ಸಂಚಿ, ಕೂಸಿನ ಕುಂಚಿಗೆ, ಎತ್ತಿನ ಕೋಡಿಗೆ ಗೊಂಡೆ, ಎಲ್ಲ ಮಾಡುತ್ತೇನೆ. ಈ ಊರಿನ ಅರ್ಧ ಮುದುಕರ ಸೊಂಟದಲ್ಲಿ ಇರುವುದು ನನ್ನ ಸಂಚಿ. ಹವಾಲ್ದಾರರ ಕಿಸೆಯಲ್ಲಿಯೂ ಒಂದಿದೆ. ಅದನ್ನು ಬರೆಯುವುದು ಬೇಡ ಎಂದರು. ಬರೆಯಿರಿ ಎಂದೆ.

ಆದರೆ ಈ ಕುಂಚಿಗೆ ದರ್ಜಿಯ ಚೀಲದ ಚೂರಿನದಲ್ಲ. ಬೇಡಿ ತಂದ ಬಟ್ಟೆಯದು. ಅದರ ಕಾರಣವನ್ನೂ ಹೇಳುತ್ತೇನೆ, ಹೇಳದಿದ್ದರೆ ಮುಂದಿನದು ಹುಚ್ಚರ ಜಗಳದಂತೆ ಕಾಣುತ್ತದೆ. ಮಹಾದೇವಕ್ಕನಿಗೆ ಈಗ ಇಪ್ಪತ್ಮೂರು ವರ್ಷ. ಮೊದಲ ಗಂಡುಮಗು ಹನ್ನೊಂದನೆಯ ದಿನ ಹೋಯಿತು. ಎರಡನೆಯದೂ ಗಂಡು, ಮೂರು ತಿಂಗಳು ನಾಲ್ಕು ದಿನ ಇತ್ತು. ಎರಡಕ್ಕೂ ಜ್ವರ. ಎರಡೂ ಚನಬಸಪ್ಪನವರ ಅಂಗಡಿಯ ಮಖಮಲ್ಲಿನ ಕುಂಚಿಗೆ ಹಾಕಿಕೊಂಡಿದ್ದವು, ಜರಿ ಅಂಚಿನವು. ಮಖಮಲ್ಲಿನಿಂದ ಜ್ವರ ಬಂತೆಂದು ನಾನು ಹೇಳುವುದಿಲ್ಲ, ನನಗೂ ಅಷ್ಟು ಬುದ್ಧಿ ಇದೆ. ಆದರೆ ಮೂರನೆಯ ಸಲ ಬಸುರಾದಾಗ ಮಗಳು ಬೇರೆ ಏನನ್ನೂ ಕೇಳಲಿಲ್ಲ. “ಅವ್ವಾ, ಈ ಸಲ ಬೇಡಿದ ಬಟ್ಟಿ ಹಾಕೂಣು,” ಎಂದಳು.

ಮಕ್ಕಳು ನಿಲ್ಲದ ಮನೆಯಲ್ಲಿ ಮುಂದಿನ ಕೂಸಿಗೆ ಬೇಡಿದ ಬಟ್ಟೆ ಹಾಕುವುದು ನಮ್ಮ ತಾಯಿಯ ಕಡೆಯ ರೂಢಿ. ಒಂಬತ್ತು ಮನೆಯ ತುಂಡು ಬೇಕು. ಆ ಒಂಬತ್ತೂ, ಒಂದು ಕೂಸೂ ಸತ್ತಿರದ ಮನೆಗಳಾಗಿರಬೇಕು. ಹೊಸ್ತಿಲ ಹೊರಗೆ ನಿಂತು ಸೆರಗೊಡ್ಡಿ ಕೇಳಬೇಕು. ಹೊಸ ಬಟ್ಟೆ ಕೊಟ್ಟರೆ ತೆಗೆದುಕೊಳ್ಳಬಾರದು, ಉಟ್ಟು ಉಳಿದದ್ದು, ಹೊಲಿದು ಮಿಕ್ಕದ್ದು ಆಗಬೇಕು. ಒಂದು ಮನೆಗೆ ಒಂದೇ ಸಲ ಬೇಡಬೇಕು, ಎರಡನೆಯ ಸಲ ಬೇಡಿದರೆ ಫಲವಿಲ್ಲ. ಕೈಯಲ್ಲೇ ಹೊಲಿಯಬೇಕು. ಹಲ್ಲು ಮೂಡುವ ತನಕ ಕೂಸಿನ ತಲೆಯಿಂದ ತೆಗೆಯಬಾರದು, ನೀರು ಎರೆಯುವಾಗ ಮಾತ್ರ ಬಿಚ್ಚಬಹುದು. ಇಷ್ಟು ಕಟ್ಟಳೆ.

ಆಗಸ್ಟ್ ಕೊನೆಯ ಸೋಮವಾರ ನಮ್ಮ ಓಣಿಯಿಂದಲೇ ಸುರು ಮಾಡಿದೆ. ನಮ್ಮ ಓಣಿಯಲ್ಲಿ ಇಪ್ಪತ್ಮೂರು ಮನೆ. ಎಲ್ಲ ನಮ್ಮವರೇ. ಒಂದು ಬೆಳಿಗ್ಗೆಗೆ ಕೆಲಸ ಮುಗಿದೀತು ಎಂದುಕೊಂಡು ಒಲೆಯ ಮೇಲೆ ಬೇಳೆ ಇಟ್ಟು ಹೋಗಿದ್ದೆ. ಮೊದಲ ಮನೆಯಾಕೆ ನನ್ನ ಸೆರಗು ನೋಡಿದ ಕೂಡಲೇ ತಲೆ ಅಲ್ಲಾಡಿಸಿದಳು. ಎರಡನೆಯ ಮನೆಯ ಮುದುಕಿ ತನ್ನ ಮೂರು ಹೋದವೆಂದು ಬೆರಳು ತೋರಿಸಿ ಒಳಗೆ ಹೋದಳು. ಮೂರನೆಯ ಮನೆಯಲ್ಲಿ ಬಾಗಿಲನ್ನೇ ಹಾಕಿಕೊಂಡರು. ಮೂವತ್ತು ವರ್ಷ ಆ ಓಣಿಯಲ್ಲಿ ಇದ್ದು, ಎಲ್ಲರ ಬಾಣಂತನಕ್ಕೂ ಹೋಗಿ ಬಂದು, ಯಾವ ಮನೆಯಲ್ಲಿ ಎಷ್ಟು ಹೋದವೆಂದು ನಾನು ಮರೆತೇಬಿಟ್ಟಿದ್ದೆ. ಅವರು ಮರೆತಿರಲಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಇಪ್ಪತ್ಮೂರು ಮನೆ ಮುಗಿದವು. ಸಿಕ್ಕಿದ್ದು ಮೂರು ತುಂಡು. ಸಂಜೆ ಐದಕ್ಕೆ ಆ ಮೂರರಲ್ಲಿ ಒಂದು ಮನೆಯ ಸೊಸೆ ಹಿತ್ತಲ ಬಾಗಿಲಿಗೆ ಬಂದು ತುಂಡನ್ನು ತಿರುಗಿ ಕೊಡು ಎಂದಳು. ತನ್ನದೊಂದು ಹೋಗಿತ್ತು, ಮೂರು ದಿನದ ಹೆಣ್ಣು ಕೂಸು, ಅತ್ತೆ ಅದನ್ನು ಎಣಿಸುವುದಿಲ್ಲ ಎಂದಳು. ನಾನು ತುಂಡು ಕೊಟ್ಟೆ. ಬೇಳೆ ಸೀದುಹೋಗಿತ್ತು.

ಆಮೇಲೆ ಏಳು ವಾರ ತಿರುಗಿದೆ. ಹಳಿಯಾಳದಲ್ಲಿ ಮರಾಠರ ಸಕ್ಕುಬಾಯಿಯ ಮನೆಯಲ್ಲಿ ಒಂದು ಸಿಕ್ಕಿತು. ದಾಂಡೇಲಿಯಲ್ಲಿ ಕಾರ್ಖಾನೆಯ ಚಾಳಿನ ನಲವತ್ತು ಬಾಗಿಲು ತಟ್ಟಿ ಒಂದು. ಸೂಪಾ ತಾಲೂಕಿನ ಕುಂಬಾರವಾಡಕ್ಕೆ ಹೋದೆ, ಅಲ್ಲಿ ಕುಣಬಿಯರ ಮನೆಯಲ್ಲಿ ಒಂದು. ಹೋದ ಬಸ್ಸು ತಿರುಗಿ ಬಂದದ್ದು ಮರುದಿನ ಮಧ್ಯಾಹ್ನ. ನಮ್ಮ ಊರ ಮಠದ ಅಯ್ಯನವರ ಮನೆಯಲ್ಲಿ ಒಂದು. ಅವರು ಕೊಟ್ಟದ್ದು ಕಾವಿ ಬಟ್ಟೆಯಲ್ಲ, ಯಾರೂ ಕಾವಿ ಹುಡುಕುವ ಕಷ್ಟ ತೆಗೆದುಕೊಳ್ಳುವುದು ಬೇಡ. ಉಳಿದ ಮೂರು ನಮ್ಮೂರಿನಿಂದ ಮೂರು ಮೈಲಿ ದೂರದ ಕಾಡಂಚಿನ ಸಿದ್ದಿಯರ ವಾಡೆಯಲ್ಲಿ ಸಿಕ್ಕವು. ಗಂಗೂಗೆ ಏಳು ಮಕ್ಕಳು, ಏಳೂ ಗಟ್ಟಿಯಾಗಿವೆ. ಶರೀಫಾಗೆ ನಾಲ್ಕು. ಕ್ರಿಸ್ತರ ಕಾಯತಾನನಿಗೆ ಮೂರು. ಮೂವರ ಮನೆಯವರೂ ಏಕೆ, ಏನು ಎಂದು ಕೇಳದೆ ಕೊಟ್ಟರು. ಅವರಲ್ಲಿಯೂ ಹೆಂಗಸರು ಹಳೆಯ ಬಟ್ಟೆ ಕೂಡಿಸಿ ಕೌದಿ ಹೊಲಿಯುತ್ತಾರೆ, ತುಂಡಿನ ಬೆಲೆ ಗೊತ್ತಿದ್ದವರು. ಗಂಗೂ ಮಾತ್ರ ತನ್ನ ಕೌದಿಯಿಂದಲೇ ಒಂದು ತೇಪೆ ಬಿಚ್ಚಿ ಕೊಟ್ಟಳು.

ನವೆಂಬರ್ 3, ಮಂಗಳವಾರ, ಬೆಳಗಿನ ಆರೂ ಕಾಲಿಗೆ ನಮ್ಮ ಮನೆಯಲ್ಲಿ ಮಹಾದೇವಕ್ಕ ಗಂಡು ಹೆತ್ತಳು. ಹೊಕ್ಕಳು ಕತ್ತರಿಸಿ ಎರೆದ ಕೂಡಲೇ ಕುಂಚಿಗೆ ಕಟ್ಟಿದೆ. ಅದು ನಾನು ಹೊಲಿದವುಗಳಲ್ಲೇ ಚೆಂದದ್ದೆಂದು ಹೇಳಲಾರೆ. ಒಂಬತ್ತು ಮನೆಯ ಬಟ್ಟೆ ಒಂಬತ್ತು ನಮೂನೆ, ಒಂದು ದಪ್ಪ, ಒಂದು ತೆಳು, ಹೊಂದಿಸುವಷ್ಟರಲ್ಲಿ ನನ್ನ ಬೆರಳು ತೂತುಬಿದ್ದವು. ಆದರೆ ಮಗಳು ಕೂಸಿನ ಮುಖ ನೋಡುವುದಕ್ಕೆ ಮುಂಚೆ ಕುಂಚಿಗೆ ನೋಡಿದಳು. ಮುಟ್ಟಿ ಮುಟ್ಟಿ ಎಣಿಸಿದಳು. ಆಮೇಲೆ ನಿದ್ದೆ ಮಾಡಿದಳು.

ನವೆಂಬರ್ 15, ಭಾನುವಾರ, ಹದಿಮೂರನೆಯ ದಿನ, ತೊಟ್ಟಿಲು. ಹಳಿಯಾಳದಿಂದ ಬೀಗರು ಗಂಡಹೆಂಡತಿ ಬೆಳಿಗ್ಗೆ ಹತ್ತಕ್ಕೆ ತಮ್ಮ ಗಾಡಿಯಲ್ಲಿ ಬಂದರು. ಅಳಿಯನಿಗೆ ದಾಂಡೇಲಿಯ ಕಾರ್ಖಾನೆಯಲ್ಲಿ ಪಾಳಿ ಇದ್ದುದರಿಂದ ಬರಲಿಲ್ಲ. ಹನ್ನೊಂದೂವರೆಗೆ ಕೂಸಿಗೆ ಶಿವಲಿಂಗಪ್ಪ ಎಂದು ಹೆಸರಿಟ್ಟರು. ಅದು ಚನಬಸಪ್ಪನವರ ತಂದೆಯ ಹೆಸರು. ಅಲ್ಲಿಯವರೆಗೆ ಕುಂಚಿಗೆಯ ಬಗ್ಗೆ ಯಾರೂ ಏನೂ ಅನ್ನಲಿಲ್ಲ. ಬೀಗರ ಹುಬ್ಬು ಗಂಟಿಕ್ಕಿದ್ದನ್ನು ನಾನು ನೋಡಿದೆ, ನೋಡದವಳ ಹಾಗಿದ್ದೆ.

ಹನ್ನೆರಡರ ಸುಮಾರಿಗೆ ಗಂಗೂ ಬಂದಳು. ಕರೆದಿದ್ದೆ, ಬಂದಳು. ಕೈಯಲ್ಲಿ ಜೇನಿನ ಬಾಟಲಿ. ಅಂಗಳದಲ್ಲೇ ನಿಂತಿದ್ದಳು, ಮಗಳೇ ಕೂಸನ್ನು ಹೊರಗೆ ತಂದು ತೋರಿಸಿದಳು. ಗಂಗೂಗೆ ಖುಷಿ ತಡೆಯಲಾಗಲಿಲ್ಲ. ಕೂಸಿನ ಗದ್ದ ಮುಟ್ಟಿ, ಎಲ್ಲರಿಗೂ ಕೇಳುವಂತೆ, “ಬಾಯೀ, ನಮ್ಮ ಮನಿ ಬಟ್ಟೀನೂ ಐತ್ರಿ ಇದರಾಗ!” ಎಂದಳು. ಅವಳದೇನೂ ತಪ್ಪಿಲ್ಲ. ಅಂಗಳದಲ್ಲಿ ಊಟಕ್ಕೆ ಕುಳಿತವರು ಎಲೆಯಿಂದ ತಲೆ ಎತ್ತಿ ನೋಡಿದರು. ಬೀಗರು ಎದ್ದು ಬಂದು, ಇಂಥವರ ಮನೆಯದು ಇದರಲ್ಲಿ ಎಷ್ಟಿದೆ ಎಂದು ನನ್ನನ್ನು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು, ಮೂರು ಎಂದೆ. ಅದು ನನ್ನ ಬಾಯಿಯ ತಪ್ಪು. ಎಷ್ಟು ಎಂದು ಹೇಳಬಾರದಿತ್ತು. ಸುಮ್ಮನಿದ್ದಿದ್ದರೆ ಇಂದು ಈ ಚಾವಡಿಯ ನೆಲದ ಮೇಲೆ ಕುಳಿತಿರುತ್ತಿರಲಿಲ್ಲ.

ಯಾವ ಮೂರು ಎಂದು ಕೇಳಿದರು. ಹೇಳುವುದಿಲ್ಲ ಎಂದೆ. ಜಂಗಮರನ್ನು ಕರೆಸಿ ಹೆಸರಿಟ್ಟ ಕೂಸಿನ ತಲೆಯ ಮೇಲೆ ಕಂಡಕಂಡವರ ಹಳೆ ಬಟ್ಟೆಯೇ, ನಮ್ಮವರ ಮನೆ ಸಿಗಲಿಲ್ಲವೇ ಎಂದರು. ನಮ್ಮವರ ಇಪ್ಪತ್ಮೂರು ಮನೆ ತಟ್ಟಿದ್ದೇನೆ, ತಾವೇ ಹೋಗಿ ಇನ್ನೊಮ್ಮೆ ತಟ್ಟಿ ಬನ್ನಿ ಎಂದೆ. ಗಂಡ ಈಶಪ್ಪ ನನ್ನ ಕೈ ಜಗ್ಗಿ ಒಳಗೆ ಕರೆದುಕೊಂಡು ಹೋದರು. ನಾನು ಎರಡನೆಯ ಪಂಕ್ತಿಗೆ ಹುಗ್ಗಿ ಬಡಿಸುತ್ತಿದ್ದಾಗ, ಹನ್ನೆರಡೂ ಮುಕ್ಕಾಲಿಗೆ, ಮಗಳು ಚೀರಿದ್ದು ಕೇಳಿಸಿತು. ಹೋಗಿ ನೋಡಿದರೆ ತೊಟ್ಟಿಲಲ್ಲಿ ಕೂಸು ಬರಿದಲೆಯಲ್ಲಿತ್ತು. ಚನಬಸಪ್ಪನವರ ಕೋಟಿನ ಕಿಸೆ ಉಬ್ಬಿತ್ತು. ಆ ಮೂರು ತುಂಡು ತೆಗೆಸಿ, ಅಂಗಡಿಯ ಒಳ್ಳೆಯ ಬಟ್ಟೆ ಕೂಡಿಸಿ ಕಳಿಸುತ್ತೇನೆ ಎಂದು ಹೇಳಿ ಗಾಡಿ ಹತ್ತಿದರು. ಬೀಗತಿ ಕಾಶೆವ್ವ ಅವರ ಹಿಂದೆ ಹೋದರು, ನನ್ನ ಮುಖ ನೋಡಲಿಲ್ಲ.

ಆ ಹೊತ್ತಿನಿಂದ ಮಗಳು ಕೂಸಿನ ನೆತ್ತಿಯ ಮೇಲೆ ಅಂಗೈ ಇಟ್ಟವಳು ತೆಗೆಯಲಿಲ್ಲ. ಬಲಗೈ ನೊಂದರೆ ಎಡಗೈ. ಉಣ್ಣಲು ಕರೆದರೆ ನೀನು ಕೈ ಇಡು, ಉಣ್ಣುತ್ತೇನೆ ಎಂದಳು. ಇಟ್ಟರೆ ನನ್ನ ಕೈಯನ್ನೇ ನೋಡುತ್ತ ಕುಳಿತಳು, ಉಣ್ಣಲಿಲ್ಲ.

ನವೆಂಬರ್ 16, ಸೋಮವಾರ, ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೊರಟೆ. ಹಳಿಯಾಳ ನಮ್ಮೂರಿನಿಂದ ಏಳು ಮೈಲಿ. ಒಂಬತ್ತೂ ಕಾಲಿಗೆ ಅಂಗಡಿ ಮುಟ್ಟಿದೆ. ಅಂಗಡಿಯ ಕಟ್ಟೆಯ ಮೇಲೆ ದರ್ಜಿ ಮಲಕಪ್ಪ ಮಷೀನಿನ ಮುಂದೆ ಕುಳಿತಿದ್ದ. ಮಷೀನಿನ ಮೇಲೆ ನನ್ನ ಕುಂಚಿಗೆ ಇತ್ತು. ಬ್ಲೇಡಿನಿಂದ ಹೊಲಿಗೆ ಬಿಚ್ಚಿ ಆಗಿತ್ತು, ಕಸೆ ಒಂದು ಕಡೆ, ತುಂಡುಗಳು ಒಂದು ಕಡೆ. ಇವನು ನನ್ನ ಹೊಲಿಗೆ ಬಲ್ಲವನು, ಒಂದು ಟಾಕಿಗೆ ಎಷ್ಟು ಹೊತ್ತು ಹಿಡಿಯುತ್ತದೆಂದು ಬಲ್ಲವನು. ನಾನು ಕೇಳುವುದಕ್ಕೆ ಮುಂಚೆಯೇ, “ಅಕ್ಕಾ, ನಾ ಅವರ ಕಟ್ಟಿ ಮ್ಯಾಲ ಕುಂತಾಂವ. ಏನ್ ಮಾಡ್ಲಿ?” ಎಂದ. ಬಿಚ್ಚುವಾಗ ಬಟ್ಟೆ ಹರಿಯಲಿಲ್ಲವಲ್ಲ ಎಂದು ಕೇಳಿದೆ. ಇಲ್ಲ ಎಂದ. ಅವನಿಗೆ ಬಯ್ಯಲು ಬೇರೆ ದಿನ ಹೋಗುತ್ತೇನೆ.

ಚನಬಸಪ್ಪನವರು ಒಂಬತ್ತೂ ತುಂಡುಗಳನ್ನು ಗಾದಿಯ ಮೇಲೆ ಸಾಲಾಗಿ ಹರಡಿದರು. ಅವರ ಕಷ್ಟ ಆಗ ನನಗೆ ತಿಳಿಯಿತು. ಯಾವುದು ಯಾರ ಮನೆಯದೆಂದು ಅವರಿಗೆ ಗೊತ್ತಾಗಿರಲಿಲ್ಲ. ನಲವತ್ತು ವರ್ಷ ಬಟ್ಟೆ ಮಾರಿದ ಮನುಷ್ಯ, ಬೆರಳಲ್ಲಿ ಹಿಚುಕಿ ಯಾವ ಗಿರಣಿಯದು, ಎಷ್ಟು ನಂಬರಿನ ನೂಲು ಎಂದು ಹೇಳಬಲ್ಲವರು. ಒಂದೊಂದನ್ನೂ ಬೆಳಕಿಗೆ ಹಿಡಿದರು, ಮೂಸಿ ಕೂಡ ನೋಡಿದರು. ನಾನು ಒಂಬತ್ತನ್ನೂ ಬಿಸಿನೀರಿನಲ್ಲಿ ಕುದಿಸಿ ಒಣಗಿಸಿ ಹೊಲಿದಿದ್ದೆ. ಕೊನೆಗೆ ಮಾಸಿದ ಬಣ್ಣದ ಮೂರನ್ನು ಆರಿಸಿ ಪಕ್ಕಕ್ಕೆ ಸರಿಸಿ, ಇವೇ ಹೌದಲ್ಲವೇ ಎಂದು ನನ್ನ ಮುಖ ನೋಡಿದರು.

ಆ ಮೂರು ಯಾರ ಯಾರ ಮನೆಯವೆಂದು ನನಗೆ ಗೊತ್ತಿದೆ. ಅವುಗಳಲ್ಲಿ ಒಂದರ ಮನೆ ತಿಳಿದಿದ್ದರೆ ಅವರು ಅದನ್ನು ಎತ್ತಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಇಷ್ಟು ಮಾತ್ರ ಹೇಳುತ್ತೇನೆ. ಅಲ್ಲಿ ಬಾಯಿ ಬಿಡಲಿಲ್ಲ, ಏಕೆಂದರೆ ಒಂದನ್ನು ಅಲ್ಲ ಎಂದರೆ ಉಳಿದವುಗಳಲ್ಲಿ ಹೌದಾದವು ಯಾವುವು ಎಂದು ಕೇಳುತ್ತಿದ್ದರು. ಗಂಗೂನ ತೇಪೆ ತೆಗೆದು ಅಲ್ಲಿ ಜರಿ ಕೂಡಿಸಿದ ಮೇಲೆ ಅದು ಬೇಡಿದ ಬಟ್ಟೆಯಾಗಿ ಹೇಗೆ ಉಳಿದೀತು? ನನ್ನ ಮಗಳು ಕುರುಡಿಯೇ?

ಬೀಗರು ಕಪಾಟಿನಿಂದ ಹೊಸ ಮಖಮಲ್ಲಿನ ಕುಂಚಿಗೆ ತೆಗೆದು ನನ್ನ ಮುಂದಿಟ್ಟರು. ಆಗ ಅವರು ಹೇಳಿದ್ದನ್ನು ಅವರು ಹೇಳಿದಂತೆಯೇ ಬರೆಯಿರಿ. “ನನಗೂ ಎರಡು ಹೋಗ್ಯಾವ್ರಿ ಬೀಗರ. ನಾನೂ ಮಣ್ಣ ಹಾಕೇನಿ. ಹಂಗಂತ ಮೂರನೇದನ್ನ ತಿರಕೊಂಡ ತಿನ್ನೋರ ಕೂಸಿನ ಹಂಗ ಕಾಣಸೂದೇನು? ಪ್ಯಾಟ್ಯಾಗ ನನ್ನ ಮಾರಿ ಏನಾಗಬೇಕು?” ಅವರ ಕಣ್ಣು ತೇವವಾಗಿದ್ದವು. ಕೆಟ್ಟ ಮನುಷ್ಯ ಎಂದು ನಾನು ಅಲ್ಲಿಯೂ ಹೇಳಲಿಲ್ಲ, ಇಲ್ಲಿಯೂ ಬರೆಸುವುದಿಲ್ಲ. ಹಟಮಾರಿ ಎಂದು ಬರೆಯಿರಿ. ತಿರುಕರ ಕೂಸಿನಂತೆ ಕಾಣಲಿ ಎಂದೇ ಹೊಲಿದದ್ದು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಒಂಬತ್ತನ್ನೂ ಮಡಚಿ ಗಲ್ಲಾಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕಿ, ಆ ಮೂರನ್ನು ತೋರಿಸಿದ ದಿನ ಉಳಿದ ಆರನ್ನು ಕೊಡುತ್ತೇನೆ ಎಂದರು. ನಾನು ಸಂಜೆ ನಾಲ್ಕೂ ಮುಕ್ಕಾಲರವರೆಗೆ ಕಟ್ಟೆಯ ಮೇಲೆ ಕುಳಿತೆ. ಗಿರಾಕಿಗಳು ನನ್ನನ್ನು ದಾಟಿ ಹೋದರು, ದಾಟಿ ಬಂದರು. ಐದೂ ಹತ್ತರ ಕೊನೆಯ ಬಸ್ಸಿಗೆ ಬರಿಗೈಯಲ್ಲಿ ಊರಿಗೆ ಬಂದೆ.

ನವೆಂಬರ್ 17, ಮಂಗಳವಾರ, ದರ್ಜಿಯ ಚೂರಿನಿಂದ ಒಂದು ಕುಂಚಿಗೆ ಹೊಲಿದೆ. ಮಗಳಿಗೆ ಸುಳ್ಳು ಹೇಳಿ ಹಾಕೋಣ ಎಂದುಕೊಂಡಿದ್ದೆ. ಅವಳು ಒಂದು ಸಲ ಮುಟ್ಟಿ ನೋಡಿ ತೊಟ್ಟಿಲ ಕೆಳಗೆ ಬಿಸಾಡಿದಳು. ಮತ್ತೆ ಬೇಡಲು ಹೋಗೋಣವೆಂದರೆ ಆ ಒಂಬತ್ತು ಮನೆಗಳಿಗೆ ಎರಡನೆಯ ಸಲ ಹೋಗುವಂತಿಲ್ಲ. ಬೇರೆ ಒಂಬತ್ತು ಮನೆ ಹುಡುಕಬೇಕು. ಮೊದಲಿನ ಒಂಬತ್ತಕ್ಕೆ ಏಳು ವಾರ ಹಿಡಿದಿತ್ತು. ಹಳಿಯಾಳ, ಸೂಪಾ, ಮುಂಡಗೋಡ ಮೂರೂ ತಾಲೂಕು ಸೇರಿಸಿದರೂ ಇನ್ನೊಂದು ಒಂಬತ್ತು ಅಂಥ ಮನೆ ಇವೆ ಎಂದು ಹೇಳಲು ನನಗೆ ಧೈರ್ಯವಿಲ್ಲ. ಕೂಸಿಗೆ ಆ ದಿನ ಸಂಜೆ ಸ್ವಲ್ಪ ನೆಗಡಿಯಾಗಿ ಮೂಗು ಕಟ್ಟಿತು. ಬರಿಯ ನೆಗಡಿ. ಆದರೆ ಮಗಳು ನನ್ನನ್ನು ನೋಡಿದ ನೋಟವನ್ನು ನಾನು ಇಲ್ಲಿ ಬರೆಸಲಾರೆ.

ನವೆಂಬರ್ 18, ಬುಧವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಬೀಗತಿ ಕಾಶೆವ್ವ ಒಬ್ಬರೇ ಬಸ್ಸಿನಿಂದ ಇಳಿದು ನಡೆದು ಬಂದರು. ಗಂಡನಿಲ್ಲದೆ ಅವರು ಹಳಿಯಾಳದ ಪೇಟೆ ದಾಟಿದ್ದನ್ನು ನಾನು ಕಂಡಿಲ್ಲ. ಒಳಗೆ ಬಂದು, ನೀರು ಕೂಡ ಕುಡಿಯದೆ, ಉಡಿಯಿಂದ ಒಂದು ಗಂಟು ತೆಗೆದು ನನ್ನ ಮುಂದೆ ಬಿಚ್ಚಿದರು. ಒಂಬತ್ತು ಇದ್ದವು, ಕಸೆಯೂ ಇತ್ತು. ಗಂಡ ಜಳಕಕ್ಕೆ ಹೋದಾಗ ಅಂಗಿಯ ಕಿಸೆಯಿಂದ ಬೀಗದಕೈ ತೆಗೆದುಕೊಂಡು ಅಂಗಡಿಗೆ ಹೋಗಿ ಗಲ್ಲಾ ತೆರೆದು ತಂದೆ, ಬೀಗದಕೈ ತಿರುಗಿ ಕಿಸೆಯಲ್ಲಿ ಹಾಕಿದ್ದೇನೆ ಎಂದರು. ಅಂದಿನಿಂದ ನಮ್ಮ ಮನೆಯಲ್ಲೇ ಇರುವ ಅವರನ್ನು, ಈ ಮಾತನ್ನು ಬರೆಸಲೇ ಎಂದು ಇಂದು ಬೆಳಿಗ್ಗೆ ಕೇಳಿದ್ದೇನೆ. “ಬರಸ್ರಿ. ನಾನಽ ತಂದೇನಿ ಅಂತ ದೊಡ್ಡ ಅಕ್ಷರದಾಗ ಬರಸ್ರಿ. ಎರಡೂ ಸಲ ಕೂಸಿನ ಕೈಕಾಲು ತಣ್ಣಗ ಆಗೂ ಮುಂದ ತಿಕ್ಕಿದ್ದು ನನ್ನ ಕೈ ಐತಿ, ಅವರದಲ್ಲ,” ಎಂದರು. ಹವಾಲ್ದಾರರ ಹತ್ತಿರ ದೊಡ್ಡ ಅಕ್ಷರ ಇಲ್ಲವಂತೆ, ಇದ್ದ ಅಕ್ಷರದಲ್ಲೇ ಬರೆದಿದ್ದಾರೆ.

ಮಧ್ಯಾಹ್ನ ಹನ್ನೆರಡಕ್ಕೆ ಇಬ್ಬರೂ ಹೊಲಿಯಲು ಕುಳಿತೆವು. ನೆತ್ತಿಯ ಮೇಲೆ ಯಾವುದು ಬರಬೇಕು ಎಂದು ಅವರು ಕೇಳಿದರು. ನಾನು ಒಂದು ತುಂಡು ಎತ್ತಿಕೊಟ್ಟೆ. ನನ್ನ ಗಂಡ ಎಷ್ಟು ಸಲ ಕೇಳಿದರೂ ಹೇಳದವಳು, ಇವರಿಗೆ ಹೇಳಬೇಕೆಂದು ನನ್ನ ಬಾಯಿಯ ತುದಿಗೆ ಬಂತು. ಕದ್ದು ತಂದವರಿಗೆ ಮುಚ್ಚಿಡುವುದು ಸರಿಯಲ್ಲ ಎನಿಸಿತು. ಇದು ಯಾರ ಮನೆಯದೆಂದರೆ, ಎಂದು ಸುರು ಮಾಡಿದೆ. ಅವರು ಸೂಜಿಯ ಕೈಯನ್ನು ಮೇಲೆತ್ತಿ ತಡೆದರು. “ಹೇಳಬ್ಯಾಡ್ರಿ ಬೀಗರ. ಗೊತ್ತಾದ್ರ ನನ್ನ ಕೈ ಅಳಕತೈತಿ. ನಾ ಹಂಗ ಬೆಳದಾಕಿ. ಗೊತ್ತಿಲ್ದಽ ಹೊಲಿತೇನಿ, ಬಿಡ್ರಿ,” ಎಂದರು. ನಾನು ಸೂಜಿಗೆ ದಾರ ಪೋಣಿಸಿದೆ. ನಾಲ್ಕೂವರೆಗೆ ಮುಗಿಯಿತು. ಅವರ ಟಾಕುಗಳು ನನ್ನವಕ್ಕಿಂತ ಸಣ್ಣವು, ಒಪ್ಪಿಕೊಳ್ಳಬೇಕು. ತೊಟ್ಟಿಲ ಹತ್ತಿರ ಹೋಗಿ ಮಗಳ ಕೈ ಸರಿಸಿ ಅವರೇ ಕಸೆ ಕಟ್ಟಿದರು. ಮಗಳು ಒಂದು, ಎರಡು ಎಂದು ಎಣಿಸಿದಳು. ಒಂಬತ್ತು ಎಂದ ಮೇಲೆ ಅಲ್ಲೇ ಚಾಪೆಯ ಮೇಲೆ ಉರುಳಿದವಳು ಮರುದಿನ ಬೆಳಿಗ್ಗೆ ಹತ್ತಕ್ಕೆ ಎದ್ದಳು.

ನಿನ್ನೆ ಗುರುವಾರ ಚನಬಸಪ್ಪನವರು ಫಿರ್ಯಾದು ಕೊಟ್ಟರು. ತನ್ನ ಹೆಂಡತಿ ಗಲ್ಲಾ ತೆರೆದಳು ಎಂದು ಪೇಟೆಯಲ್ಲಿ ಹೇಳಿಕೊಳ್ಳುವುದು ಆಗುವುದಿಲ್ಲ, ಅದಕ್ಕೇ ನನ್ನ ಹೆಸರು. ಮಾಲಿನ ಕಿಮ್ಮತ್ತು ಎಂಬ ಕಡೆ ಏನು ಬರೆದಿದ್ದಾರೆಂದು ನಾನು ಕೇಳಿದೆ. ಏನೂ ಬರೆದಿಲ್ಲ ಎಂದು ಹವಾಲ್ದಾರರು ಹೇಳಿದರು.

ಈಗ ಹವಾಲ್ದಾರರು ಒಂದೊಂದು ತುಂಡಿನ ಬಣ್ಣ, ಅಳತೆ, ಅದು ಯಾರ ಮನೆಯಿಂದ ಬಂತು ಎಂಬುದನ್ನು ಹೇಳು, ಗುರುತು ಬರೆದುಕೊಳ್ಳದೆ ಮಾಲು ನಿನ್ನದೆಂದು ಹೇಗೆ ಸಾಬೀತು ಎಂದು ಕೇಳುತ್ತಾರೆ. ಬಣ್ಣ ಹೇಳುತ್ತೇನೆ, ಬೇಕಾದರೆ ಗೇಣು ಹಾಕಿ ಅಳತೆಯನ್ನೂ ಹೇಳುತ್ತೇನೆ. ಒಂಬತ್ತು ಮನೆಗಳು ಎಲ್ಲೆಲ್ಲಿಯವೆಂದೂ ಮೇಲೆ ಹೇಳಿದ್ದೇನೆ. ಯಾವ ಬಣ್ಣ ಯಾವ ಮನೆಯದು ಎಂಬುದನ್ನು ಮಾತ್ರ ಹೇಳುವುದಿಲ್ಲ. ಮೂರು ಸಲ ಕೇಳಿದರು, ಮೂರು ಸಲವೂ ಇದೇ ಹೇಳಿದ್ದೇನೆ. ಜೇಲಿಗೆ ಹಾಕಿದರೆ ಸೂಜಿ ದಾರ ಒಳಗೆ ಬಿಡುತ್ತಾರೆಯೇ ಎಂದು ಕೇಳಿದೆ.

ಈ ಹೇಳಿಕೆಯ ನಡುವೆ ಹನ್ನೆರಡೂ ಕಾಲಿಗೆ ಹವಾಲ್ದಾರರು ಕುಂಚಿಗೆಯನ್ನು ಜಪ್ತಿ ಮಾಡಬೇಕೆಂದು ನನ್ನನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಚಾವಡಿಯಿಂದ ನಮ್ಮ ಮನೆಗೆ ಅಂದಾಜು ನೂರು ಹೆಜ್ಜೆ. ಬೀಗತಿ ಕಾಶೆವ್ವ ಹೊಸ್ತಿಲ ಮೇಲೆ ಕುಳಿತಿದ್ದರು, ಏಳಲಿಲ್ಲ, ಕಾಲು ಮಾತ್ರ ಮಡಚಿಕೊಂಡರು. ಹವಾಲ್ದಾರರು ಬೂಟು ಬಿಚ್ಚಿ ಒಳಗೆ ಬಂದರು. ತೊಟ್ಟಿಲ ಮೇಲೆ ಬಾಗಿ ಕಸೆಯ ಗಂಟಿನ ಹತ್ತಿರ ಕೈ ತಂದರು. ನಾನು ತಡೆಯಲಿಲ್ಲ, ಸರಕಾರದ ಕೈ ತಡೆಯಬಾರದೆಂದು ನನಗೆ ಗೊತ್ತು. ಮಗಳೂ ತಡೆಯಲಿಲ್ಲ. “ಸಾಹೇಬ್ರ, ನಿಮಗ ಮಕ್ಕಳೆಷ್ಟು?” ಎಂದು ಕೇಳಿದಳು, ಅಷ್ಟೇ. ನಾಲ್ಕು ಎಂದರು. ಕೈ ಅಲ್ಲೇ ಇತ್ತು. ಆಮೇಲೆ ಅದನ್ನು ಹಿಂದಕ್ಕೆ ತೆಗೆದು, “ಇರೂವು ನಾಕು,” ಎಂದರು. ಹೊರಗೆ ಹೋಗಿ ಬೂಟು ಹಾಕಿಕೊಂಡರು. ಲೇಸು ಕಟ್ಟಲು ಬಹಳ ಹೊತ್ತು ಹಿಡಿಯಿತು.

ಚಾವಡಿಗೆ ತಿರುಗಿ ಬಂದ ಮೇಲೆ ಇದನ್ನೂ ಬರೆಯಿರಿ ಎಂದೆ. ಇದು ಕೇಸಿಗೆ ಸಂಬಂಧಪಟ್ಟದ್ದಲ್ಲ ಎಂದರು. ಹಾಗಾದರೆ ಹೆಬ್ಬೆಟ್ಟು ಒತ್ತುವುದಿಲ್ಲ ಎಂದೆ. ಬರೆದರು.

ಇಷ್ಟೂ ನಾನು ಹೇಳಿದ್ದು, ಹೇಳಿದ ಹಾಗೆಯೇ ಇದೆ. ಮೊದಲಿನಿಂದ ಕೊನೆಯವರೆಗೆ ಓದಿಸಿ ಕೇಳಿದ್ದೇನೆ, ಎರಡು ಕಡೆ ತಿದ್ದಿಸಿದ್ದೇನೆ. ಸುಳ್ಳಿಲ್ಲ. ಹೇಳದೆ ಬಿಟ್ಟದ್ದು ಒಂದಿದೆ, ಅದನ್ನು ಬಿಟ್ಟಿದ್ದೇನೆಂದು ಮೇಲೆಯೇ ಹೇಳಿದ್ದೇನೆ.

ಸ್ಥಳ: ಸಾಂಬ್ರಾಣಿ ಚಾವಡಿ
ತಾರೀಖು: 20-11-1964, ಮಧ್ಯಾಹ್ನ 1 ಗಂಟೆ 10 ನಿಮಿಷ
ಮುದಕವ್ವ ಕೋಂ ಈಶಪ್ಪ ಹಾದಿಮನಿ ಇವರ ಎಡಗೈ ಹೆಬ್ಬೆಟ್ಟಿನ ಗುರುತು

ನನ್ನ ಸಮಕ್ಷಮ ಬರೆದುಕೊಂಡದ್ದು: ಯಲ್ಲಪ್ಪ, ಹೆಡ್ ಕಾನ್‌ಸ್ಟೇಬಲ್

ಮುದ್ದೆಮಾಲು: ಬಟ್ಟೆಯ ಕುಂಚಿಗೆ, ಒಂದು. ಜಪ್ತಿ ಆಗಿಲ್ಲ.
ಕಾರಣ: ಮಗು ಮಲಗಿತ್ತು.